ಹಾಡು ಯಾರ ಬಾಯಲ್ಲಿರಬೇಕು?

‘ಥರ್ಡ್ ಡೇ’ ಎಂಬ ರಾಕ್ ತಂಡದ ‘ಕ್ರಿಸ್ಮಸ್ ಆಫರಿಂಗ್ಸ್’ ಆಲ್ಬಂ ಬಂದದ್ದು 2006ರ ಅಕ್ಟೋಬರಿನಲ್ಲಿ. ಕ್ರಿಸ್ತನು ಮೂರನೆಯ ದಿನ ಸಾವಿನಿಂದ ಎದ್ದು ಬಂದನೆಂಬ ನಂಬಿಕೆಯನ್ನೇ ಹೆಸರಾಗಿಟ್ಟುಕೊಂಡ ಈ ತಂಡವನ್ನು 1991ರಲ್ಲಿ ಕಟ್ಟಿದವರು ಅಮೆರಿಕದ ಜಾರ್ಜಿಯಾ ರಾಜ್ಯದ ಮರಿಯೆಟಾ ಊರಿನ ಹುಡುಗರು. ನನ್ನ ಸಂಸಾರ ನೆಲೆಯೂರಿರುವುದೂ ಆ ಊರಿನ ಮಗ್ಗುಲಲ್ಲೇ. ಹಾಗಾಗಿ ನಮ್ಮ ಚರ್ಚಿನ ಕ್ವಾಯರಿನವರು ಈ ಆಲ್ಬಂ ಬಗ್ಗೆ ಮನೆಮಕ್ಕಳ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ಹೊಗಳುವುದೂ ಜೋರು, ಆಕ್ಷೇಪಿಸುವುದೂ ಜೋರು. ತಂಡ 2018ರಲ್ಲಿ ವಿದಾಯದ ಪ್ರವಾಸ ಮಾಡಿತು. ಡಿಸೆಂಬರಿನ ಈ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಆಲ್ಟೋ ಸಾಲಿನಲ್ಲಿ ನನ್ನ ಪಕ್ಕ ಕೂರುವ ನಿವೃತ್ತ ಶಿಕ್ಷಕಿಗೆ ಈ ಆಲ್ಬಂ ಸೇರುವುದಿಲ್ಲ. ಹಸುಳೆ ಮಲಗಿರುವ ಗೋದಲಿಯ ಮುಂದೆ ಎಲೆಕ್ಟ್ರಿಕ್ ಗಿಟಾರ್ ಬಾರಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಟೆನರ್ ಹಾಡುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ಅದೇ ಆಲ್ಬಂ ಪ್ರಾಣ. ಮುಖ್ಯ ಗಾಯಕ ಮ್ಯಾಕ್ ಪವೆಲ್ ಅವರದು ದಪ್ಪ, ಕೊಂಚ ಒರಟು ದನಿ. ದಕ್ಷಿಣ ಸೀಮೆಯ ಎಳೆತ ಅದರಲ್ಲಿ ತುಂಬಿದೆ. ಚಿಕ್ಕಂದಿನಿಂದ ಇಂಗ್ಲೆಂಡಿನ ಹುಡುಗರ ಕ್ವಾಯರುಗಳ ತಿಳಿದನಿಯಲ್ಲೇ ಕ್ಯಾರಲ್ ಕೇಳಿದ ಆ ಎಲೆಕ್ಟ್ರಿಷಿಯನ್ನಿಗೆ, ತನ್ನ ಚಿಕ್ಕಪ್ಪ ಹಾಡಿದರೆ ಹೇಗಿರುತ್ತಿತ್ತೋ ಹಾಗೆ ‘ಓ ಕಮ್ ಆಲ್ ಯೀ ಫೇತ್‌ಫುಲ್’ ಕೇಳಿಸಿದ್ದು ಈ ಆಲ್ಬಮ್ಮಿನಲ್ಲೇ ಮೊದಲಂತೆ. ನಮ್ಮಲ್ಲಿ ಡ್ರಮ್ ಬಾರಿಸುವ ಕಾಲೇಜು ಹುಡುಗನೊಬ್ಬನಿದ್ದಾನೆ. ಅವನ ದೂರು ಇನ್ನೊಂದು ದಿಕ್ಕಿನದು: ಇದರಲ್ಲಿ ರಾಕ್ ಎಲ್ಲಿದೆ, ಮೂಲೆಮುರುಕೆಲ್ಲ ಉಜ್ಜಿ ನುಣ್ಣಗೆ ಮಾಡಿದ್ದಾರೆ ಎನ್ನುತ್ತಾನೆ. ಅವನ ತಾಯಿಗೆ ಹಳೆಯ ಕ್ಯಾರಲ್‌ಗಳಿಗಿಂತ ತಂಡದವರ ಸ್ವಂತ ಹಾಡುಗಳೇ ಇಷ್ಟ. ಅವುಗಳಲ್ಲಿ ಒಂದನ್ನು ಕೇಳುವಾಗ ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಕೊಂಡದ್ದೂ ಇದೆ. ಆ ಹಾಡಿನ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಅಭಿಪ್ರಾಯ ಇವರಲ್ಲಿ ಯಾರ ಜೊತೆಗೂ ಪೂರ್ತಿ ಸೇರುವುದಿಲ್ಲ. ನಾನು ಹುಬ್ಬಳ್ಳಿಯ ಬಾಸೆಲ್ ಮಿಷನ್ ಮನೆತನದ ಮಗಳು. ಅಪ್ಪ ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸಿ ಸಭೆಗೆ ಹಾಡು ಎತ್ತಿಕೊಡುತ್ತಿದ್ದರು. ನಾನು ಕಲಿತದ್ದು ನರ್ಸಿಂಗ್, ಸಂಗೀತವನ್ನು ಶಾಸ್ತ್ರೀಯವಾಗಿ ಕಲಿತವಳಲ್ಲ. ಆದರೆ ದೇವರ ಎದುರು ಜನ ಸೇರಿ ಹಾಡುವುದನ್ನು ಹುಟ್ಟಿನಿಂದ ನೋಡುತ್ತಾ ಬಂದಿದ್ದೇನೆ. ನನಗೆ ತೋರುವುದು ಇಷ್ಟು: ಸಭೆಯೆಲ್ಲ ಸೇರಿ ಹಾಡಬೇಕಾದ ಹಾಡು ಒಂದು ಬಗೆ, ಒಬ್ಬರು ಹಾಡಿ ಉಳಿದವರು ಕೇಳಬೇಕಾದ ಹಾಡು ಇನ್ನೊಂದು ಬಗೆ. ಈ ಆಲ್ಬಮ್ಮಿನಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. ಕೇಳುಗರು ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುತ್ತಾರೆ. ತಕರಾರು ಹುಟ್ಟುವುದು ಅಲ್ಲಿ.

ಮೊದಲು ಶಿಕ್ಷಕಿಯ ಆಕ್ಷೇಪವನ್ನು ತೆಗೆದುಕೊಳ್ಳುತ್ತೇನೆ. ಅದು ಹಗುರವಾದ ಮಾತಲ್ಲ. ಅವರ ಬೆನ್ನಿಗೆ ದೊಡ್ಡ ಪರಂಪರೆಯೇ ಇದೆ. ಹತ್ತನೇ ಪಯಸ್ ಪೋಪ್ ಅವರು 1903ರಲ್ಲಿ ಹೊರಡಿಸಿದ ಆದೇಶದಲ್ಲಿ ಚರ್ಚಿನೊಳಗೆ ಡ್ರಮ್, ತಾಳಗಳಂಥ ಗದ್ದಲದ ವಾದ್ಯಗಳನ್ನಷ್ಟೇ ಅಲ್ಲ, ಪಿಯಾನೋವನ್ನೂ ನಿಷೇಧಿಸಿದ್ದರು. ಪ್ರಾಟೆಸ್ಟೆಂಟರಲ್ಲಿ ಕೆಲವು ಪಂಗಡಗಳು ಇವತ್ತಿಗೂ ಯಾವ ವಾದ್ಯವನ್ನೂ ಮುಟ್ಟದೆ ಬರಿಗಂಟಲಲ್ಲೇ ಆರಾಧಿಸುತ್ತವೆ. ಮ್ಯಾಸಚೂಸೆಟ್ಸ್ ಪ್ರಾಂತ್ಯದ ಪ್ಯೂರಿಟನ್ನರಂತೂ ಹಾಡಿನ ಮಾತಿರಲಿ, ಕ್ರಿಸ್ಮಸ್ ಆಚರಿಸಿದವರಿಗೇ 1659ರಿಂದ 1681ರವರೆಗೆ ಐದು ಶಿಲಿಂಗ್ ದಂಡ ಹಾಕುತ್ತಿದ್ದರು. ಕ್ರೈಸ್ತ ರಾಕ್ ಹುಟ್ಟಿದ ಮೇಲೆ ವಿರೋಧ ಇನ್ನೂ ಕಾವೇರಿತು. ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ 1969ರಲ್ಲಿ ಬಂದಾಗ ಬಹಳಷ್ಟು ಕ್ರೈಸ್ತ ಅಂಗಡಿಗಳು ಅದನ್ನು ಮಾರಾಟಕ್ಕಿಡಲು ಹಿಂಜರಿದವು. ಟಿ.ವಿ. ಬೋಧಕ ಜಿಮ್ಮಿ ಸ್ವ್ಯಾಗರ್ಟ್ 1987ರಲ್ಲಿ ಇಡೀ ಒಂದು ಪುಸ್ತಕ ಬರೆದು, ಧಾರ್ಮಿಕ ರಾಕ್ ಎಂಬುದು ಕುರಿಯ ವೇಷ ಹಾಕಿದ ತೋಳ ಎಂದರು.

ಇದಕ್ಕೆ ರಾಕ್ ಪಕ್ಷದವರು ಕೊಡುವ ಉತ್ತರವೂ ಗೊತ್ತಿರುವಂಥದ್ದೇ: ಇವತ್ತು ಪವಿತ್ರವೆನಿಸಿದ ಪ್ರತಿಯೊಂದು ಕ್ಯಾರಲ್ಲೂ ಒಂದು ಕಾಲಕ್ಕೆ ಹೊಸದಾಗಿತ್ತು. ನಿಜ. ‘ಸೈಲೆಂಟ್ ನೈಟ್’ ಹಾಡನ್ನು ಮೊದಲು ಹಾಡಿದ್ದು 1818ರ ಕ್ರಿಸ್ಮಸ್ ಹಿಂದಿನ ರಾತ್ರಿ, ಸಾಲ್ಸ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ. ಅದಕ್ಕಿದ್ದದ್ದು ಗಿಟಾರಿನ ಪಕ್ಕವಾದ್ಯ. ಪದ ಬರೆದ ಪಾದ್ರಿ ಯೋಸೆಫ್ ಮೋರ್, ರಾಗ ಕಟ್ಟಿದ ಶಾಲಾ ಮಾಸ್ತರ ಫ್ರಾನ್ಸ್ ಗ್ರೂಬರ್ ಇಬ್ಬರೂ ನಿಂತು ಹಾಡಿದರು. ‘ಜಾಯ್ ಟು ದ ವರ್ಲ್ಡ್’ ಬರೆದ ಐಸಾಕ್ ವಾಟ್ಸ್ ಕಾಲದಲ್ಲಿ ಸತ್ಯವೇದದ ಕೀರ್ತನೆಗಳನ್ನು ಬಿಟ್ಟು ಮನುಷ್ಯ ಕಟ್ಟಿದ ಹಾಡು ಹಾಡುವುದೇ ತಪ್ಪೆನ್ನುವ ಸಭೆಗಳಿದ್ದವು. 1719ರಲ್ಲಿ ಅದು ಅಚ್ಚಾದದ್ದು ತೊಂಬತ್ತೆಂಟನೆಯ ಕೀರ್ತನೆಯ ಹೊಸ ರೂಪವಾಗಿ. ಕ್ರಿಸ್ಮಸ್ ರಾತ್ರಿಗೆಂದು ಅವರು ಅದನ್ನು ಬರೆದಿರಲಿಲ್ಲ. ಇನ್ನು ‘ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್’ನ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಚಾರ್ಲ್ಸ್ ವೆಸ್ಲಿಯ ಪದ 1739ರದು. ಈಗ ನಾವು ಹಾಡುವ ಧಾಟಿ ಮೆಂಡೆಲ್‌ಸೋನ್ 1840ರಲ್ಲಿ, ಅಚ್ಚಿನ ಯಂತ್ರದ ಗುಟೆನ್‌ಬರ್ಗ್‌ನ ಸ್ಮರಣೋತ್ಸವಕ್ಕೆ ಕಟ್ಟಿದ್ದು. ಈ ಧಾಟಿಗೆ ಬೇರೆ ಪದ ಜೋಡಿಸಬಹುದು, ಆದರೆ ದೇವರ ಪದ ಮಾತ್ರ ಹೊಂದುವುದಿಲ್ಲ ಎಂದು ಆತ ತಾನೇ ಬರೆದಿದ್ದ. ಅವನು ತೀರಿಕೊಂಡ ಮೇಲೆ, 1855ರಲ್ಲಿ, ಒಬ್ಬ ಇಂಗ್ಲಿಷ್ ಆರ್ಗನ್ ವಾದಕ ಎರಡನ್ನೂ ಕೂಡಿಸಿದ. ಈಗ ಆ ಧಾಟಿಯಿಲ್ಲದೆ ಆ ಪದವನ್ನು ನೆನೆಯುವುದೂ ಆಗದು.

ಈ ಚರಿತ್ರೆ ನನಗೆ ತುಂಬ ಪ್ರೀತಿಯದು. ಆದರೂ ಇದರಿಂದ ಪ್ರಶ್ನೆ ಬಗೆಹರಿಯಿತು ಎನ್ನುವವರನ್ನು ನಾನು ಒಪ್ಪಲಾರೆ. ಒಂದು ಕಾಲದಲ್ಲಿ ವಿರೋಧ ಕಂಡ ಕೆಲವು ಹಾಡುಗಳು ಉಳಿದು ಬಂದವು ಎಂದಮಾತ್ರಕ್ಕೆ, ಇವತ್ತು ವಿರೋಧ ಕಾಣುವುದೆಲ್ಲ ನಾಳೆ ಉಳಿಯಬೇಕೆಂದಿಲ್ಲ. ಅದೇ ಶತಮಾನಗಳಲ್ಲಿ ಹುಟ್ಟಿದ ಸಾವಿರಾರು ಹಾಡುಗಳನ್ನು ಯಾರೂ ನೆನೆಯುವುದಿಲ್ಲ. ಉಳಿದವು ಏಕೆ ಉಳಿದವು ಎಂದು ಕೇಳಬೇಕು. ಜನ ಹಾಡಿದ್ದರಿಂದ ಉಳಿದವು. ಪರಿಣತರು ಬರೆದರು, ಪಾದ್ರಿಗಳು ಕೆಲವೊಮ್ಮೆ ತಡೆದರು; ಕಡೆಗೆ ಚರ್ಚಿನ ಹಿಂದಿನ ಬೆಂಚಿನವರು ಕಂಠಪಾಠ ಮಾಡಿಕೊಂಡು ಹೊಲಗದ್ದೆಯಲ್ಲಿ, ಅಡುಗೆಮನೆಯಲ್ಲಿ ಹಾಡಿಕೊಂಡ ಮೇಲೆ ಅದನ್ನು ತೆಗೆದುಹಾಕುವ ಶಕ್ತಿ ಯಾರಿಗೂ ಇರಲಿಲ್ಲ.

ಸಂಗೀತ ಮತ್ತು ಭಕ್ತಿಯ ಬಗ್ಗೆ ಮಾತೆತ್ತಿದವರೆಲ್ಲ ಸಂತ ಅಗಸ್ಟೀನನ ಬಳಿಗೆ ಹೋಗುತ್ತಾರೆ. ನಾನೂ ಹೋಗುತ್ತೇನೆ. ‘ಕನ್ಫೆಷನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಆತ ತನ್ನ ಕಿವಿಯ ಸುಖವನ್ನು ದೇವರ ಮುಂದೆ ಇಟ್ಟು ಪರೀಕ್ಷಿಸುತ್ತಾನೆ. ಹಾಡಿನಿಂದ ಮನಸ್ಸು ಕರಗುತ್ತದೆ, ಭಕ್ತಿ ಹೊತ್ತಿಕೊಳ್ಳುತ್ತದೆ. ಆದರೆ ಹಾಡಿನಲ್ಲಿರುವ ವಿಷಯಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಸೆಳೆದಾಗ ಅದು ಪಾಪ ಎಂದು ಒಪ್ಪಿಕೊಳ್ಳುತ್ತಾನೆ. ಹಾಡನ್ನೇ ಕೈಬಿಡೋಣವೇ ಎಂದುಕೊಳ್ಳುತ್ತಾನೆ, ಮತ್ತೆ ಬೇಡ ಎನ್ನುತ್ತಾನೆ. ಆ ಹೊಯ್ದಾಟ ಎಷ್ಟು ಪ್ರಾಮಾಣಿಕವೆಂದರೆ ಹದಿನಾರು ಶತಮಾನದ ಮೇಲೂ ನನ್ನ ಕ್ವಾಯರಿನ ಜಗಳದಲ್ಲಿ ಅವನ ದನಿ ಕೇಳುತ್ತದೆ. ಆ ಗಾಯಕನ ದನಿ ಎಷ್ಟು ಚೆಂದ ಎಂದು ಎಲೆಕ್ಟ್ರಿಷಿಯನ್ ಹೇಳಿದಾಗ, ದನಿ ಚೆಂದ ಸರಿ, ಮಗು ಎಲ್ಲಿ ಎಂದು ಶಿಕ್ಷಕಿ ಕೇಳುವುದು ಅಗಸ್ಟೀನನ ಪ್ರಶ್ನೆಯೇ.

ಆದರೆ ಅದೇ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಇನ್ನೊಂದು ಸಂಗತಿ ಇದೆ. ಜನ ಅದನ್ನು ಅಷ್ಟಾಗಿ ಎತ್ತಿ ಆಡುವುದಿಲ್ಲ. ಮಿಲಾನಿನಲ್ಲಿ 386ರ ಸುಮಾರಿಗೆ ರಾಜಮಾತೆ ಜಸ್ಟಿನಾ ಅಲ್ಲಿನ ಬಿಷಪ್ ಆಂಬ್ರೋಸ್ ಮೇಲೆ ಹಗೆ ಸಾಧಿಸುತ್ತಿದ್ದಳು. ತಮ್ಮ ಬಿಷಪ್ಪರ ಜೊತೆ ಸಾಯಲೂ ಸಿದ್ಧರಾಗಿ ಜನ ಚರ್ಚಿನೊಳಗೆ ರಾತ್ರಿಯಿಡೀ ಕಾವಲು ಕೂತರು. ಅಗಸ್ಟೀನನ ತಾಯಿ ಮೋನಿಕಾ ಆ ಕಾವಲಿನಲ್ಲಿ ಮುಂದಿದ್ದಳು. ದುಃಖದಿಂದಲೂ ದಣಿವಿನಿಂದಲೂ ಜನ ಕುಸಿಯಬಾರದೆಂದು, ಪೂರ್ವದ ಸಭೆಗಳ ಪದ್ಧತಿಯಂತೆ ಎಲ್ಲರೂ ಸೇರಿ ಸ್ತುತಿಗೀತೆ ಹಾಡುವುದು ಅಲ್ಲಿ ಶುರುವಾಯಿತು ಎಂದು ಆತ ಬರೆಯುತ್ತಾನೆ. ಪಶ್ಚಿಮದ ಸಭೆಯ ಹಾಡಿನ ಬೇರಿರುವುದು ಇಲ್ಲಿ, ಹೆದರಿದ ಜನ ಒಬ್ಬರನ್ನೊಬ್ಬರು ಎತ್ತಿಹಿಡಿಯಲು ಹಾಡಿದ ರಾತ್ರಿಯಲ್ಲಿ. ಕಿವಿಯ ಸುಖ ಆಮೇಲಿನ ಮಾತು. ನಾನು ಈ ಒಂಬತ್ತನೆಯ ಭಾಗದ ಪಕ್ಷದವಳು. ಹಾಡು ಕೇಳಿದವನ ಮನಸ್ಸಿನಲ್ಲಿ ಏನಾಯಿತು ಎಂಬುದಕ್ಕಿಂತ ಮೊದಲು, ಹಾಡು ಅವನ ಬಾಯಿಗೆ ಬಂತೋ ಇಲ್ಲವೋ ಎಂಬುದನ್ನು ನಾನು ನೋಡುತ್ತೇನೆ.

ಈ ಕಣ್ಣಿನಿಂದ ನೋಡಿದರೆ ರಾಕ್ ಕ್ಯಾರಲ್‌ಗಳ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಒಂದು ಕ್ರಿಸ್ಮಸ್ ಹಿಂದಿನ ರಾತ್ರಿ ನಾವು ಮನೆಯವರೆಲ್ಲ ಇಲ್ಲಿನ ಒಂದು ದೊಡ್ಡ ಚರ್ಚಿಗೆ ಹೋಗಿದ್ದೆವು. ವೇದಿಕೆಯ ಮೇಲೆ ಬ್ಯಾಂಡ್, ಪರದೆಯ ಮೇಲೆ ಪದ. ‘ಓ ಕಮ್ ಆಲ್ ಯೀ ಫೇತ್‌ಫುಲ್’ ಶುರುವಾಯಿತು. ಗಾಯಕ ತನ್ನ ದನಿಗೆ ಒಪ್ಪುವ ಶ್ರುತಿ ಹಿಡಿದಿದ್ದ. ಮೊದಲ ಚರಣ ಎಷ್ಟು ಕೆಳಗಿತ್ತೆಂದರೆ ಹೆಂಗಸರ ಗಂಟಲು ಅಲ್ಲಿಗೆ ಇಳಿಯಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿ ನಿಂತಿದ್ದರು. ಪರದೆಯ ಕಡೆ ನೋಡದೆ, ಕಣ್ಣು ಮುಚ್ಚಿ, ಬಾಯಿಪಾಠದಿಂದ ಹಾಡತೊಡಗಿದರು. ಗಾಯಕ ಸಾಲಿನ ಮೊದಲ ಅಕ್ಷರವನ್ನು ತಾಳ ಬಿದ್ದು ಅರ್ಧ ಕ್ಷಣದ ಮೇಲೆ ಎತ್ತಿಕೊಳ್ಳುತ್ತಿದ್ದ. ಮೈಕಿನ ಮುಂದೆ ಅದು ಚೆಂದ, ಆದರೆ ಅಜ್ಜಿ ತಾಳಕ್ಕೆ ಸರಿಯಾಗಿ ಎತ್ತಿಕೊಂಡು ಒಂಟಿಯಾದರು. ಪಲ್ಲವಿಗೆ ಗಾಯಕ ಒಮ್ಮೆಲೇ ಮೇಲಿನ ಸ್ಥಾಯಿಗೆ ನೆಗೆದ. ಈಗ ಗಂಡಸರು ಸುಮ್ಮನಾದರು. ಚರಣ ಮುಗಿಯಿತು ಎಂದುಕೊಂಡು ಎರಡನೆಯ ಚರಣಕ್ಕೆ ನೂರಾರು ಮಂದಿ ಉಸಿರೆಳೆದು ಶುರುಮಾಡಿದರೆ, ಅಲ್ಲಿ ಗಿಟಾರಿನ ಬಿಡಿವಾದನ ಬಂತು. ಎತ್ತಿದ ದನಿ ಅರ್ಧಕ್ಕೆ ನಿಂತಿತು. ಮುಂದೆ ಎಲ್ಲಿ ಸೇರಿಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಅಜ್ಜಿ ಬಾಯಿ ಮುಚ್ಚಿ, ಕೋಲನ್ನು ಮುಂದಿನ ಕುರ್ಚಿಗೆ ಒರಗಿಸಿ ಕೂತುಬಿಟ್ಟರು. ಹಾಡು ಮುಗಿದಾಗ ಚಪ್ಪಾಳೆ ಬಿತ್ತು.

ಆ ಬ್ಯಾಂಡಿನವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನುಡಿಸುತ್ತಿದ್ದವರನ್ನು ನಾನೇ ನೋಡಿದೆ. ಸದ್ದು ಹೆಚ್ಚಾಯಿತು ಎಂಬುದೂ ನನ್ನ ದೂರಲ್ಲ. ಭಕ್ತರೆಲ್ಲ ಬನ್ನಿರೆಂದು ಕರೆಯುವ ಆ ಹಾಡಿನಲ್ಲಿ ಕರೆಸಿಕೊಂಡವರಿಗೇ ಎಡೆ ಇರಲಿಲ್ಲ ಎಂಬುದು ನನ್ನ ದೂರು. ಸಿ.ಡಿ.ಗೆಂದು ಜೋಡಿಸಿದ ಹಾಡಿಕೆಯನ್ನು ಹಾಗೆಯೇ ತಂದು ಆರಾಧನೆಯ ನಡುವೆ ಇಟ್ಟರೆ ಆಗುವುದು ಇದು. ‘ಥರ್ಡ್ ಡೇ’ಯವರ ಆಲ್ಬಮ್ಮಿನ ಮೇಲೆ ಈ ತಪ್ಪನ್ನು ಹೊರಿಸಲಾರೆ. ಅವರು ಮಾಡಿದ್ದು ಕೇಳುವ ಹಾಡಿಕೆ, ಕೇಳುವುದಕ್ಕೆ ಅದು ಗಟ್ಟಿಯಾಗಿದೆ. ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಆಸ್ಪತ್ರೆಯಿಂದ ಮನೆಗೆ ಕಾರು ಓಡಿಸುವ ಡಿಸೆಂಬರಿನ ಬೆಳಗುಗಳಲ್ಲಿ ಅದು ನನ್ನನ್ನು ಎಚ್ಚರವಾಗಿ ಇಟ್ಟಿದೆ, ಪ್ರಾರ್ಥನೆಗೂ ತಂದಿದೆ.

ಡ್ರಮ್ಮಿನ ವಿಷಯಕ್ಕೆ ನನಗೆ ಹುಬ್ಬಳ್ಳಿಯೇ ಸಾಕ್ಷಿ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಯೂರಿದಾಗ ತಂದ ಧಾಟಿಗಳು ಜರ್ಮನ್ ದೇಶದವು. ಆ ಧಾಟಿಗಳಿಗೆ ಕನ್ನಡ ಪದ ಕೂಡಿಸಿದಾಗ ಕೆಲವೆಡೆ ಹ್ರಸ್ವವನ್ನು ಎಳೆಯಬೇಕಾಗುತ್ತದೆ, ದೀರ್ಘವನ್ನು ನುಂಗಬೇಕಾಗುತ್ತದೆ. ಇದು ನಮ್ಮ ಹಾಡಿನ ಪುಸ್ತಕ ಹಿಡಿದವರಿಗೆಲ್ಲ ಗೊತ್ತು. ಫರ್ಡಿನಾಂಡ್ ಕಿಟ್ಟೆಲ್ ಅವರಿಗೂ ಇದು ಗೊತ್ತಿತ್ತು. ಕನ್ನಡಿಗರೆಲ್ಲ ನಿಘಂಟಿನಿಂದ ನೆನೆಯುವ ಅವರು, ನಿಘಂಟಿಗೆ ಎಷ್ಟೋ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ಜನರ ನಾಲಿಗೆಗೆ ಒಗ್ಗದ ಪದ ಜನರ ಪ್ರಾರ್ಥನೆಯಾಗದು ಎಂಬುದನ್ನು ಅವರು ಕಂಡುಕೊಂಡಿದ್ದರು.

ನನ್ನ ಕಾಲಕ್ಕೆ ದೇವಾಲಯದೊಳಗೆ ಧಾಟಿ ಜರ್ಮನ್ನಿನದೇ ಇದ್ದರೂ, ಕ್ರಿಸ್ಮಸ್ ಹತ್ತಿರ ಬಂದಾಗ ರಾತ್ರಿ ಮನೆಮನೆಗೆ ಕ್ಯಾರಲ್ ಹೋಗುವ ಗುಂಪಿನಲ್ಲಿ ಡೋಲಕ್ ಇರುತ್ತಿತ್ತು, ತಾಳ ಇರುತ್ತಿತ್ತು, ಹೆಗಲಿಗೆ ಹಾಕಿಕೊಂಡ ಹಾರ್ಮೋನಿಯಂ ಇರುತ್ತಿತ್ತು. ಚಳಿಗೆ ಮಫ್ಲರ್ ಸುತ್ತಿಕೊಂಡ ಹಿರಿಯರೂ ಕುಣಿಯುತ್ತಿದ್ದರು. ಅದು ಗದ್ದಲವೆಂದು ನಮಗೆ ಯಾರಿಗೂ ಅನ್ನಿಸಿದ್ದಿಲ್ಲ. ಅಪ್ಪ ಮಾತ್ರ ಆಗಾಗ ಡೋಲಕ್ಕಿನವನ ಕಡೆ ತಿರುಗಿ, “ಮಂದಿ ದನಿ ಕೇಳಸವಲ್ದು, ಸ್ವಲ್ಪ ಮೆತ್ತಗ ಬಾರಸೋ” ಎನ್ನುತ್ತಿದ್ದರು. ಭಾನುವಾರ ದೇವಾಲಯದಲ್ಲೂ ಅವರದೊಂದು ರೂಢಿಯಿತ್ತು. ಕೊನೆಯ ಚರಣಕ್ಕೆ ಹಾರ್ಮೋನಿಯಮ್ಮಿನ ತಿದಿಯಿಂದ ಕೈ ತೆಗೆದುಬಿಡುತ್ತಿದ್ದರು. ಪೆಟ್ಟಿಗೆಯ ಗಾಳಿ ಖಾಲಿಯಾಗಿ ಸ್ವರ ಅಡಗುತ್ತಾ ಹೋದಂತೆ ಜನರ ದನಿಯೊಂದೇ ಉಳಿಯುತ್ತಿತ್ತು. ಅಮ್ಮ ಆಲ್ಟೋ ಹಿಡಿಯುತ್ತಿದ್ದದ್ದು, ಹಿಂದಿನ ಸಾಲಿನ ಗಿರಣಿ ಕೆಲಸದವರು ಕೆಳಸ್ವರದಲ್ಲಿ ಗುನುಗುತ್ತಿದ್ದದ್ದು, ಮಕ್ಕಳು ಪದ ತಪ್ಪಿ ಹಾಡುತ್ತಿದ್ದದ್ದು ಎಲ್ಲ ಆಗ ಬೇರೆಬೇರೆಯಾಗಿ ಕೇಳುತ್ತಿತ್ತು. ಅಪ್ಪ ತಲೆ ಬಗ್ಗಿಸಿ ಅದನ್ನು ಕೇಳುತ್ತಾ ಕೂರುತ್ತಿದ್ದರು. ಸಂಗೀತದ ಮುಂದಾಳಿನ ಕೆಲಸ ಏನು ಎಂಬುದರ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಕೈಯಿಂದ ತಿಳಿದದ್ದು.

ಇನ್ನು ಕಾರು ನಿಲ್ಲಿಸಿಕೊಂಡ ಆ ತಾಯಿಯ ಹಾಡು. ಆಲ್ಬಮ್ಮಿನಲ್ಲಿ ‘ಮೆರಿ ಕ್ರಿಸ್ಮಸ್’ ಎಂಬ ಸಾದಾ ಹೆಸರಿನ ಒಂದು ಸ್ವಂತ ರಚನೆ ಇದೆ. ಹೆಸರು ನೋಡಿದರೆ ಅಂಗಡಿಯ ಶುಭಾಶಯ ಕಾರ್ಡು ಅನ್ನಿಸುತ್ತದೆ. ಹಾಡು ಹೇಳುವುದು ಚೀನಾದ ಒಂದು ಅನಾಥಾಶ್ರಮದಲ್ಲಿರುವ ಪುಟ್ಟ ಹುಡುಗಿಯ ಕಥೆ. ಅವಳನ್ನು ಮಗಳಾಗಿ ಪಡೆಯಲು ಕಾದಿರುವ ಮನೆಯವರು ಭೂಮಿಯ ಈಚೆ ದಿಕ್ಕಿನಲ್ಲಿ ಹಬ್ಬಕ್ಕೆ ಮನೆ ಸಿಂಗರಿಸುತ್ತಿದ್ದಾರೆ. ಅವಳಿಗೆ ಇವರ ಮುಖ ಗೊತ್ತಿಲ್ಲ. ಇವರಿಗೆ ಅವಳು ಆಗಲೇ ಮಗಳು. ಆಗಿನ ಕಾಲಕ್ಕೆ ಇದು ಬರೀ ಕಲ್ಪನೆಯ ಮಾತಾಗಿರಲಿಲ್ಲ. 2005ರ ಒಂದೇ ವರ್ಷದಲ್ಲಿ ಚೀನಾದಿಂದ 7,000ಕ್ಕೂ ಹೆಚ್ಚು ಮಕ್ಕಳನ್ನು ಅಮೆರಿಕದ ಮನೆಗಳು ದತ್ತು ತೆಗೆದುಕೊಂಡಿದ್ದವು. ನಂತರ ನಿಯಮ ಬಿಗಿಯಾಗಿ ಕಾಯುವ ಕಾಲ ವರ್ಷಗಟ್ಟಲೆ ಬೆಳೆಯಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರ ಹೊರದೇಶದ ದತ್ತನ್ನೇ, ರಕ್ತಸಂಬಂಧಿಕರ ಮಕ್ಕಳನ್ನು ಬಿಟ್ಟು, ನಿಲ್ಲಿಸಿಬಿಟ್ಟಿತು. ನಮ್ಮ ಕ್ವಾಯರಿನ ಆ ತಾಯಿ ತಮ್ಮ ಎರಡನೆಯ ಮಗುವಿಗಾಗಿ ಹೀಗೆ ಕಾದವರು. ಫೋಟೋ ಬಂದಿತ್ತು, ಹಾಸಿಗೆ ಹಾಸಿಟ್ಟಿದ್ದರು. ಕಾಗದಪತ್ರ ಮಾತ್ರ ಮುಗಿಯುತ್ತಿರಲಿಲ್ಲ.

ಈ ಹಾಡನ್ನು ಸಭೆ ಹಾಡಲಾಗದು, ಹಾಡಲೂಬಾರದು. ಇದು ಸಾಕ್ಷಿ. ನಮ್ಮ ಸಭೆಗಳಲ್ಲಿ ಒಬ್ಬರು ಎದ್ದು ನಿಂತು ದೇವರು ತನ್ನ ಬಾಳಿನಲ್ಲಿ ಏನು ಮಾಡಿದನೆಂದು ಹೇಳುತ್ತಾರೆ. ಉಳಿದವರು ಸುಮ್ಮನೆ ಕೇಳುತ್ತಾರೆ, ಕೊನೆಗೆ ಆಮೆನ್ ಎನ್ನುತ್ತಾರೆ. ಸಾಕ್ಷಿಗೆ ಒಂಟಿದನಿಯೇ ಬೇಕು, ಅದರ ಒರಟುತನ ಬೇಕು, ತಡೆದು ತಡೆದು ಬರುವ ಉಸಿರು ಬೇಕು. ಸಭೆಯ ಹಾಡಿನಲ್ಲಿ ಅಡ್ಡಿಯಾದದ್ದೆಲ್ಲ ಇಲ್ಲಿ ಸಹಾಯಕ್ಕೆ ಬರುತ್ತದೆ. ರಾಕ್ ಸಂಗೀತ ಹುಟ್ಟಿನಿಂದಲೇ ಒಬ್ಬನ ಎದೆಯ ಮಾತನ್ನು ಗಟ್ಟಿಯಾಗಿ ಹೇಳುವ ಸಂಗೀತ. ಸಾಕ್ಷಿ ನುಡಿಯಲು ಅದಕ್ಕಿರುವ ಕಸುವು ಆರ್ಗನ್ನಿಗೂ ಇಲ್ಲ. ಆಲ್ಬಮ್ಮಿನಲ್ಲಿ ಕ್ರಿಸ್ಮಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಹಾಡು ನನ್ನ ಮಟ್ಟಿಗೆ ಇದೇ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೋಸೇಫ ತನಗೆ ಹುಟ್ಟದ ಮಗುವಿಗೆ ಹೆಸರಿಟ್ಟು ಮಗನಾಗಿ ಮಾಡಿಕೊಳ್ಳುತ್ತಾನೆ. ದಾವೀದನ ವಂಶಕ್ಕೆ ಯೇಸು ಸೇರುವುದು ಆ ಹೆಸರಿಡುವಿಕೆಯಿಂದ. ಹಾಗೆ ನೋಡಿದರೆ ದತ್ತಿನ ಕಥೆ ಕ್ರಿಸ್ಮಸ್ ಕಥೆಯ ನಡುಭಾಗದಲ್ಲೇ ಇದೆ, ನಾವು ಗೋದಲಿಯ ಮುಂದೆ ಯೋಸೇಫನ ಬೊಂಬೆಯನ್ನು ಒಂದು ಬದಿಗೆ ನಿಲ್ಲಿಸಿ ಮರೆಯುತ್ತೇವೆ ಅಷ್ಟೇ.

ಈ ಹಾಡನ್ನು ಒಪ್ಪದವರೂ ಇದ್ದಾರೆ. ಶ್ರೀಮಂತ ದೇಶದವರು ತಮ್ಮ ಒಳ್ಳೆಯತನವನ್ನು ತಾವೇ ಹಾಡಿಕೊಂಡಂತಿದೆ ಎನ್ನುತ್ತಾರೆ. ಅವರ ಮಾತಿನಲ್ಲಿ ಒಂದು ನಿಜವಿದೆ. ಹಾಡಿನಲ್ಲಿ ಕಾಯುವ ಮನೆಯವರಿದ್ದಾರೆ, ಅಳುವ ಮಗುವಿದೆ, ಹೆತ್ತವಳು ಇಲ್ಲ. ಒಂದೇ ಮಗುವಿನ ಕಾಯ್ದೆಯ ಹೆದರಿಕೆಯಲ್ಲಿ ತನ್ನ ಹೆಣ್ಣುಮಗುವನ್ನು ಬಿಟ್ಟು ಹೋದ ಆ ಹೆಂಗಸಿನ ಡಿಸೆಂಬರ್ ಹೇಗಿರುತ್ತದೆ ಎಂದು ಹಾಡು ಕೇಳುವುದಿಲ್ಲ. ಲೂಕನ ಸುವಾರ್ತೆಯಲ್ಲಿ ತಾಯಿ ಇದ್ದಾಳೆ; ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುವವಳು ಅವಳೇ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮಗುವನ್ನು ಬೇರೆಯವರ ಕೈಗಿತ್ತು ಬರಿಗೈಯಲ್ಲಿ ಎದ್ದು ಹೋದ ತಾಯಂದಿರನ್ನು ಕಂಡಿದ್ದೇನೆ, ಅವರಿಗೆ ಕೋಟು ತೊಡಿಸಿ ಬಾಗಿಲತನಕ ಕಳಿಸಿದ್ದೇನೆ. ಆ ಹಾಡಿಗೆ ಇನ್ನೊಂದು ಚರಣ ಇರಬೇಕಿತ್ತು ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ. ಅನ್ನಿಸಿದ ಮೇಲೂ ಅದನ್ನು ಬಿಡಲಾರೆ.

ಇಲ್ಲಿಗೆ ಡ್ರಮ್ಮಿನ ಹುಡುಗನ ದೂರಿಗೆ ಬಂದೆ. ನುಣ್ಣಗಾಗಿದೆ ಎಂಬ ಅವನ ಮಾತನ್ನು ನಾನು ಮೊದಲು ವಯಸ್ಸಿನ ಮಾತೆಂದುಕೊಂಡಿದ್ದೆ. ಯೋಚಿಸಿದಂತೆ ಅದರಲ್ಲಿ ದೇವರ ವಿಷಯದ ದೊಡ್ಡ ಪ್ರಶ್ನೆ ಇದೆ ಎಂದು ಕಂಡಿತು. ಅಟ್ಲಾಂಟದಲ್ಲಿ ಇಂಥ ಹಾಡುಗಳನ್ನು ಹಬ್ಬಿಸಿದ ಕ್ರೈಸ್ತ ರೇಡಿಯೋ 104.7 ದಿ ಫಿಶ್ ತನ್ನನ್ನು ಕರೆದುಕೊಳ್ಳುತ್ತಿದ್ದದ್ದು ಇಡೀ ಕುಟುಂಬಕ್ಕೆ ಸುರಕ್ಷಿತವಾದ ರೇಡಿಯೋ ಎಂದು. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ತಾಯಂದಿರಿಗೆ ಅದು ದೊಡ್ಡ ಅನುಕೂಲ, ನನಗೂ ಆಗಿತ್ತು. ಆದರೆ ಕ್ರಿಸ್ಮಸ್ ಕಥೆ ಸುರಕ್ಷಿತವಾದ ಕಥೆಯಲ್ಲ. ಬಲಿಷ್ಠರು ಸಿಂಹಾಸನದಿಂದ ಉರುಳುತ್ತಾರೆ, ಹಸಿದವರು ಹೊಟ್ಟೆ ತುಂಬಿಕೊಳ್ಳುತ್ತಾರೆ, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುತ್ತಾರೆ ಎಂಬುದು ಬಸುರಿ ಮರಿಯಳ ಸ್ತುತಿಯ ಸಾರ. ಹೆರೋದನ ಕಡೆಯವರು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲುತ್ತಾರೆ. ಮರಿಯಳ ಮನೆಯವರು ರಾತ್ರೋರಾತ್ರಿ ಐಗುಪ್ತಕ್ಕೆ ಓಡುತ್ತಾರೆ. ಪ್ರತಿಭಟನೆಯ ಸಂಗೀತವೊಂದು ಕ್ರಿಸ್ಮಸ್ಸಿಗೆ ಬಂದು, ಮರಿಯಳ ಆ ಸ್ತುತಿಯನ್ನು ಮುಟ್ಟದೆ ಹೋಗುವುದು ನನಗೆ ನಷ್ಟವೆನಿಸುತ್ತದೆ. ಶಿಕ್ಷಕಿ ಹೇಳುವಂತೆ ಮಲಗಿದ ಮಗುವಿನ ಮುಂದೆ ಗಿಟಾರ್ ಬೇಡವಿರಬಹುದು. ಮರಿಯಳ ಹಾಡಿಗೆ ಅದು ಬೇಕು.

ಆಲ್ಬಮ್ಮಿನಲ್ಲಿ ಈ ಅಂಚಿಗೆ ಹತ್ತಿರ ಬರುವ ಹಾಡು ‘ಡೂ ಯೂ ಹಿಯರ್ ವಾಟ್ ಐ ಹಿಯರ್’. ಅಂಗಡಿ ಮಳಿಗೆಗಳಲ್ಲಿ ಕೇಳಿ ಕೇಳಿ ಅದು ಸಿಹಿತಿಂಡಿಯ ಹಾಡಾಗಿಹೋಗಿದೆ. ನೊಯೆಲ್ ರೆಗ್ನಿ ಮತ್ತು ಗ್ಲೋರಿಯಾ ಶೇನ್ ದಂಪತಿ ಅದನ್ನು ಬರೆದದ್ದು 1962ರ ಅಕ್ಟೋಬರಿನಲ್ಲಿ, ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕವೂ ಸೋವಿಯತ್ ದೇಶವೂ ಅಣುಯುದ್ಧದ ಅಂಚಿಗೆ ಹೋದ ದಿನಗಳಲ್ಲಿ. ಅದು ಶಾಂತಿಗಾಗಿ ಮಾಡಿದ ಬೇಡಿಕೆ. ನಾನು ಈ ಸಂಗತಿಯನ್ನು ಹೇಳಿದ ಮೇಲೆ ಆ ಹುಡುಗ ಹಾಡನ್ನು ಮತ್ತೆ ಹಾಕಿಕೊಂಡು ಕೇಳಿದ. ಡ್ರಮ್ ಇನ್ನೂ ಜೋರಿರಬೇಕಿತ್ತು ಎಂದ. ನನಗೂ ಹಾಗೇ ಅನ್ನಿಸಿತು.

ಆದ್ದರಿಂದ ಆಲ್ಬಮ್ಮಿನ ಬಗ್ಗೆ ನನ್ನ ತೀರ್ಪು ಹೀಗಿದೆ: ಸಾಕ್ಷಿಯ ಹಾಡುಗಳಲ್ಲಿ ಅದು ಒಳ್ಳೆಯ ಕೆಲಸ, ಇನ್ನೂ ಧೈರ್ಯ ಮಾಡಬಹುದಿತ್ತು. ಕ್ಯಾರಲ್‌ಗಳಲ್ಲಿ ಅದು ಕೇಳಲು ಯೋಗ್ಯವಾದದ್ದು, ಆರಾಧನೆಗೆ ಮಾದರಿಯಲ್ಲ. ಎಲೆಕ್ಟ್ರಿಷಿಯನ್ನಿಗೆ ತನ್ನ ಸೀಮೆಯ ದನಿಯಲ್ಲಿ ದೇವರ ಹಾಡು ಕೇಳಿದ್ದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಕಿಟ್ಟೆಲ್ ನಮಗಾಗಿ ಬಯಸಿದ್ದೂ ಅದನ್ನೇ. ಶಿಕ್ಷಕಿಯ ಭಯಭಕ್ತಿಯನ್ನೂ ಸಣ್ಣದೆನ್ನುವುದಿಲ್ಲ. ಅದಿಲ್ಲದಿದ್ದರೆ ಹಬ್ಬ ಬರೀ ಸದ್ದಾಗಿಬಿಡುತ್ತದೆ.

ಈಗ ಹುಬ್ಬಳ್ಳಿ, ಬೆಂಗಳೂರು, ಮಂಗಳೂರಿನ ಸಭೆಗಳಲ್ಲೂ ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ ಸೆಟ್ ಬಂದಿವೆ. ಊರಿಗೆ ಹೋದಾಗ ನೋಡುತ್ತೇನೆ. ಹುಡುಗರು ಶ್ರದ್ಧೆಯಿಂದ ನುಡಿಸುತ್ತಾರೆ, ಅವರನ್ನು ತಡೆಯಬೇಡಿ. ಆದರೆ ಈ ಡಿಸೆಂಬರಿನಲ್ಲಿ ಹಾಡು ಆರಿಸುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ. ಶ್ರುತಿಯನ್ನು ಗಾಯಕನ ಗಂಟಲಿಗೆ ನೋಡಿ ಇಡಬೇಡಿ, ಅಜ್ಜಿಗೂ ಅಜ್ಜನಿಗೂ ನಿಲುಕುವ ಎತ್ತರದಲ್ಲಿಡಿ. ಚರಣಗಳ ನಡುವೆ ಬಿಡಿವಾದನ ಬೇಕೆಂದರೆ ಎಲ್ಲಿ ಮತ್ತೆ ಸೇರಿಕೊಳ್ಳಬೇಕೆಂದು ಕೈಯೆತ್ತಿ ತೋರಿಸಿ. ಒಬ್ಬರೇ ಹಾಡುವ ಹಾಡಿದ್ದರೆ ಅದನ್ನು ಒಬ್ಬರೇ ಹಾಡಲಿ, ಸಭೆ ಕೂತು ಕೇಳಲಿ. ಕೊನೆಯ ಚರಣಕ್ಕೆ ಮಾತ್ರ ಆ್ಯಂಪ್ಲಿಫೈಯರ್ ಆರಿಸಿ, ಮೈಕು ಬದಿಗಿಟ್ಟು, ಜನರು ಹಾಡುವುದನ್ನು ನೀವು ನಿಂತು ಕೇಳಿ.